ನಮ್ಮ ಬೆಣ್ಣೆ ಬೊಗಳೋದು ಕಡಿಮೆ ಆದದ್ದು ಹೇಗೆ

ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಿಕೊಂಡು, ಅದರ ಬೊಗಳಾಟಕ್ಕೆ ಸಂಘದಿಂದ ಕಾಗದ ಬಂದವರಿಗೆ ಇದನ್ನು ಬರೆಯುತ್ತಿದ್ದೇನೆ. ಇನ್ನೂ ಬಂದಿಲ್ಲ, ಆದರೆ ಲಿಫ್ಟಿನಲ್ಲಿ ಜನ ಮುಖ ತಿರುಗಿಸೋಕೆ ಶುರು ಮಾಡಿದ್ದಾರೆ ಅಂದರೆ, ನಿಮಗೂ ಸೇರಿ. ನಮ್ಮ ಕಥೆ ಮಳೆಗಾಲದಲ್ಲಿ ಶುರುವಾಗಿ ಸಂಕ್ರಾಂತಿ ಹೊತ್ತಿಗೆ ಒಂದು ಹಂತಕ್ಕೆ ಬಂತು. ಮಧ್ಯೆ ದುಡ್ಡು ಹೋಯಿತು, ನಿದ್ದೆ ಕೆಟ್ಟಿತು, ನನಗೂ ಅತ್ತೆಗೂ ಒಂದಷ್ಟು ದಿನ ಮಾತು ನಿಂತಿತ್ತು.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಹಾಲ್‌ನ ಕಿಟಕಿಯಿಂದ ನೇರ ಗೇಟು ಕಾಣುತ್ತದೆ. ನಾಯಿಯ ಹೆಸರು ಬೆಣ್ಣೆ. ಬಿಳಿ ಹೆಣ್ಣು ಸ್ಪಿಟ್ಸ್, ಐದು ವರ್ಷ. ಬೀದಿಯವರೆಲ್ಲ ಪಮೇರಿಯನ್ ಅಂತಾರೆ, ನಾವೂ ತಿದ್ದಲು ಹೋಗಿಲ್ಲ. ಸಣ್ಣ ಮೈ, ದೊಡ್ಡ ಗಂಟಲು. ಹಾಲಿನವನು ಬಂದರೆ ಬೊಗಳುತ್ತಿತ್ತು, ಕಸದ ಗಾಡಿಯ ಹಾಡಿಗೆ ಬೊಗಳುತ್ತಿತ್ತು, ಸೊಪ್ಪಿನವಳ ಕೂಗಿಗೆ, ಕೊರಿಯರ್ ಹುಡುಗನಿಗೆ, ಕಾಂಪೌಂಡ್ ಮೇಲಿನ ಬೆಕ್ಕಿಗೆ, ಯಜಮಾನರು ಚಪ್ಪಲಿ ಹಾಕಿಕೊಂಡರೆ ಅದಕ್ಕೂ. ಸಿಟ್ಟಿನ ನಾಯಿ ಅಲ್ಲ. ಸಂತೋಷ ಜಾಸ್ತಿಯಾದರೂ ಬೊಗಳುತ್ತಿತ್ತು, ಅಷ್ಟೆ. ಮಗಳು ಸ್ಕೂಲಿಂದ ಬಂದಳು ಅಂದರೆ ಮುಗೀತು, ಹತ್ತು ನಿಮಿಷ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಸಂಘದ ಕಾಗದದಲ್ಲಿ ಇದ್ದದ್ದು ಇಷ್ಟು: ನಿಮ್ಮ ನಾಯಿಯಿಂದ ನಿವಾಸಿಗಳಿಗೆ ತೊಂದರೆಯಾಗುತ್ತಿದೆ, ಹದಿನೈದು ದಿನದೊಳಗೆ ಅದನ್ನು ಬೇರೆಡೆ ಕಳಿಸತಕ್ಕದ್ದು. ಜೊತೆಗೆ ರೇಬಿಸ್ ಲಸಿಕೆಯ ದಾಖಲೆ ಒದಗಿಸತಕ್ಕದ್ದು. ಕಳಿಸಿದ ಮೇಲೆ ದಾಖಲೆ ಯಾಕೆ ಅಂತ ನಮ್ಮ ಯಜಮಾನರು ಕೇಳಿದರು. ಗುಂಪಿನಲ್ಲಿ ಉದ್ದದ ಉತ್ತರವನ್ನೂ ಟೈಪ್ ಮಾಡಿದ್ದರು. ಕಳಿಸಬೇಡಿ ಅಂದೆ. ಗುಂಪಿನಲ್ಲಿ ಜಗಳ ಶುರುವಾದರೆ ನಾಯಿಯ ವಿಷಯ ಹಿಂದೆ ಬಿದ್ದು ಪಾರ್ಕಿಂಗ್, ನೀರಿನ ಬಿಲ್ಲು ಎಲ್ಲ ಮೇಲೆ ಬರುತ್ತದೆ.

ಅದರ ಬದಲು ದೂರು ಕೊಟ್ಟವರ ಮನೆಗೇ ಹೋದೆ. ನಮ್ಮ ಮೇಲಿನ ಮನೆಯ ಅಂಕಲ್. ಕಾಫಿ ಕೊಟ್ಟು ಕೂರಿಸಿ ಹೇಳಿದರು, “ನೋಡಮ್ಮ, ನಾಯಿ ಮೇಲೆ ನಂಗೇನೂ ಸಿಟ್ಟಿಲ್ಲ. ಮಗ ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ಏಳು ಗಂಟೆಗೆ ಮಲಗ್ತಾನೆ. ಏಳೂಕಾಲಿಗೆ ನಿಮ್ಮನೆ ಹಾಲಿನವನು ಬರ್ತಾನೆ.” ಇದು ನಮಗೆ ಗೊತ್ತೇ ಇರಲಿಲ್ಲ. ಮರುದಿನದಿಂದ ಗೇಟಿನ ಹತ್ತಿರ ಒಂದು ಚೀಲ ನೇತುಹಾಕಿ, ಬೆಲ್ ಒತ್ತದೆ ಹಾಲು ಅದರಲ್ಲಿ ಹಾಕಿ ಹೋಗಿ ಅಂತ ಹಾಲಿನವನಿಗೆ ಹೇಳಿದೆವು. ಇಡೀ ಪ್ರಕರಣದಲ್ಲಿ ಅತಿ ಕಡಿಮೆ ಖರ್ಚಿನ ಪರಿಹಾರ ಇದೇ. ದೂರು ಬಂದರೆ ಮೊದಲು ಯಾವ ಹೊತ್ತಿನ ಬೊಗಳಾಟ ಯಾರಿಗೆ ತೊಂದರೆ ಅಂತ ಕೇಳಿಕೊಳ್ಳಿ. ಎಲ್ಲ ಹೊತ್ತಿನದೂ ಎಲ್ಲರಿಗೂ ತೊಂದರೆ ಕೊಡಲ್ಲ.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ನಿವಾಸಿಗಳ ಸಂಘಗಳಿಗೆ ಅಂತಲೇ ಮಾರ್ಗಸೂಚಿ ಹೊರಡಿಸಿದೆ. ಬಹುಮತ ಇದ್ದರೂ ಸಂಘ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ, ಬೊಗಳುತ್ತದೆ ಅನ್ನೋ ಕಾರಣಕ್ಕೆ ಹೊರಗೆ ಹಾಕಿ ಅನ್ನುವ ಹಾಗೂ ಇಲ್ಲ ಅಂತ ಅದರಲ್ಲಿದೆ. ಅದೇ ಮಾರ್ಗಸೂಚಿ, ನಾಯಿಯಿಂದ ಬೇರೆಯವರಿಗೆ ಕಿರಿಕಿರಿ ಆಗದ ಹಾಗೆ, ಅದರಲ್ಲೂ ರಾತ್ರಿ ಹೊತ್ತು, ನೋಡಿಕೊಳ್ಳಿ ಅಂತ ಸಾಕಿದವರಿಗೂ ಹೇಳುತ್ತದೆ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ನಾಯಿಯನ್ನು ಎಲ್ಲೋ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಇಷ್ಟನ್ನೂ ಪ್ರಿಂಟ್ ತೆಗೆಸಿ ಬ್ಯಾಗಿನಲ್ಲಿಟ್ಟುಕೊಂಡೆ, ಆದರೆ ಆಮೇಲೆ ನಡೆದ ಸಂಘದ ಸಭೆಯಲ್ಲಿ ತೆಗೆಯಲಿಲ್ಲ. ಕಾನೂನು ತೋರಿಸಿ ಬಾಯಿ ಮುಚ್ಚಿಸಬಹುದು. ಮೇಲಿನ ಮನೆ ಹುಡುಗನಿಗೆ ಅದರಿಂದ ನಿದ್ದೆ ಬರಲ್ಲವಲ್ಲ. ಬಾಡಿಗೆಯವರಿಗೆ ಇನ್ನೊಂದು ಮಾತು: ಸಂಘ ಬೇರೆ, ಓನರ್ ಬೇರೆ. ಬಾಡಿಗೆ ಕರಾರಿನಲ್ಲಿ ನಾಯಿಯ ಬಗ್ಗೆ ಏನಿದೆ ನೋಡಿಕೊಳ್ಳಿ. ನಮ್ಮದರಲ್ಲಿ ಒಂದು ಸಾಲೂ ಇರಲಿಲ್ಲ. ಕರಾರು ಹೊಸದು ಮಾಡುವಾಗ “ಒಂದು ಸಾಕುನಾಯಿ ಇದೆ” ಅಂತ ಬರೆಸಿಕೊಂಡೆವು.

ಸಂಘದ ಸಭೆಗೆ ಸಮಯ ಇತ್ತು. ಅಷ್ಟರಲ್ಲಿ ಲಸಿಕೆಯ ದಾಖಲೆ ತಲೆನೋವಾಯಿತು. ಪುಸ್ತಕದಲ್ಲಿ ಲಸಿಕೆಯ ಸ್ಟಿಕರ್ ಇತ್ತು, ತಾರೀಖು ಇತ್ತು, ಡಾಕ್ಟರ ಸೀಲು ಇರಲಿಲ್ಲ. ಸಂಘದ ಕಾರ್ಯದರ್ಶಿ ಸೀಲು ಬೇಕೇ ಬೇಕು ಅಂದರು. ಹಾಕಿಸಿದ್ದ ಕ್ಲಿನಿಕ್ ಬೇರೆ ಬಡಾವಣೆಗೆ ಹೋಗಿಬಿಟ್ಟಿತ್ತು. ಫೋನ್ ಮಾಡಿ, ಕಾದು, ಹುಡುಕಿಕೊಂಡು ಹೋಗಿ ಸೀಲು ಹಾಕಿಸಿಕೊಂಡು ಬರುವಷ್ಟರಲ್ಲಿ ಸಾಕುಸಾಕಾಯಿತು. ಲಸಿಕೆ ಹಾಕಿಸಿದ ದಿನವೇ ಸೀಲು, ಸಹಿ, ಮುಂದಿನ ತಾರೀಖು ಮೂರೂ ಇದೆಯಾ ಅಂತ ಅಲ್ಲೇ ನಿಂತು ನೋಡಿ.

ಕ್ಲಿನಿಕ್ಕಿಗೆ ಹೋಗಿದ್ದು ಸೀಲಿಗೆ, ಆದರೆ ಅಲ್ಲಿ ಬೇರೆಯೇ ವಿಷಯ ಗೊತ್ತಾಯಿತು. ಬೊಗಳಾಟ ಜಾಸ್ತಿ ಅಂತ ಹೇಳಿದ್ದಕ್ಕೆ ಡಾಕ್ಟರು ತರಬೇತಿ ಮಾತು ಎತ್ತಲೇ ಇಲ್ಲ. ಮೊದಲು ಕಿವಿ ನೋಡಿದರು, ಕಾಲಿನ ಗಂಟು ಒತ್ತಿ ನೋಡಿದರು, ಆಮೇಲೆ ತುಟಿ ಎತ್ತಿದರು. ಹಿಂದಿನ ಹಲ್ಲುಗಳ ಮೇಲೆ ಕಂದು ಪಾಚಿ, ವಸಡು ಕೆಂಪು, ಒಂದು ಹಲ್ಲು ಅಲ್ಲಾಡುತ್ತಿತ್ತು. “ಹಲ್ಲು ನೋವು ಇಟ್ಕೊಂಡು ನಾವೂ ಸಂಜೆ ಹೊತ್ತಿಗೆ ಸಿಡಿಸಿಡಿ ಅಂತೀವಲ್ಲ ಮೇಡಂ” ಅಂದರು. ಸಣ್ಣ ಜಾತಿಯ ನಾಯಿಗಳಲ್ಲಿ ಹಲ್ಲಿನ ತೊಂದರೆ ತುಂಬ ಸಾಮಾನ್ಯವಂತೆ. ಅನಸ್ತೇಷಿಯಾ ಕೊಟ್ಟು ಕ್ಲೀನ್ ಮಾಡಿ ಆ ಹಲ್ಲು ತೆಗೀಬೇಕು, ಅದಕ್ಕೆ ಮೊದಲು ರಕ್ತ ಪರೀಕ್ಷೆ. ಎಲ್ಲ ಸೇರಿ ಐದಾರು ಸಾವಿರ ಆಯಿತು. ಭಾನುವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅಷ್ಟು ನಾಯಿಗಳ ಮಧ್ಯೆ ನಮ್ಮದು ಇನ್ನೂ ಉದ್ರೇಕ ಆಗುತ್ತದೆ. ವಾರದ ಮಧ್ಯೆ ಬೆಳಿಗ್ಗೆ ಹೋಗಿ.

ಹಲ್ಲು ತೆಗೆಸಿದ ಮೇಲೆ ಸಂಜೆಯ ಕಿರಿಕಿರಿ ಇಳಿಯಿತು. ಗೇಟಿನ ಬೊಗಳಾಟ ಹಾಗೇ ಇತ್ತು.

ಆಗ ಒಬ್ಬ ಟ್ರೈನರ್ ಸಿಕ್ಕಿದರು. ತಿಂಗಳ ಪ್ಯಾಕೇಜ್ 12,000, ಮುಂಗಡ 4,000. ಬಂದವರೇ ಕೊರಳಿಗೆ ಬಿಗಿಯುವ ಚೈನ್ ಹಾಕಿದರು. ಬೆಲ್ ಒತ್ತಿಸಿ, ಬೊಗಳಿದ ತಕ್ಷಣ ಎಳೆದರು. ಬೆಣ್ಣೆ ಒಂದು ಸಲ ಕಿರುಚಿ ಸುಮ್ಮನಾಯಿತು. “ನೋಡಿದ್ರಾ ಮೇಡಂ, ಎಷ್ಟು ಬೇಗ ಕಲೀತು” ಅಂದರು. ಅವರು ಹೋದ ಮೇಲೆ ಅದು ಸೋಫಾ ಕೆಳಗಿಂದ ಬರಲಿಲ್ಲ. ಮತ್ತೆ ಒಂದಷ್ಟು ದಿನದಲ್ಲಿ ಕೊರಿಯರ್ ಹುಡುಗನನ್ನು ನೋಡಿ ಬೊಗಳಲಿಲ್ಲ, ಸೀದಾ ಕಾಲಿಗೆ ಬಾಯಿ ಹಾಕಲು ಹೋಯಿತು. ಹಿಂದೆಂದೂ ಹಾಗೆ ಮಾಡಿದ ನಾಯಿ ಅಲ್ಲ ಅದು. ಹೊರಗಿನವರು ಬಂದರೆ ಕೊರಳು ನೋಯುತ್ತದೆ ಅನ್ನೋದು ಅದು ಕಲಿತ ಪಾಠ. ಬೊಗಳುವುದು ಎಚ್ಚರಿಕೆ. ಹೆದರಿಸಿ ಆ ಎಚ್ಚರಿಕೆಯನ್ನು ತೆಗೆದರೆ ಒಳಗಿನ ಗಾಬರಿ ಎಲ್ಲೂ ಹೋಗಲ್ಲ. ಅವರನ್ನು ಬರಬೇಡಿ ಅಂದೆವು. ಮುಂಗಡ ವಾಪಸ್ ಬರಲಿಲ್ಲ. ಆನ್‌ಲೈನಿನಲ್ಲಿ ಸಿಗುವ ಶಾಕ್ ಕೊಡುವ ಕಾಲರ್ ಬಗ್ಗೆಯೂ ಡಾಕ್ಟರನ್ನು ಕೇಳಿದ್ದೆ. ತಲೆ ಅಲ್ಲಾಡಿಸಿ, “ಅದನ್ನ ತರೋ ದುಡ್ಡಲ್ಲಿ ಪನೀರ್ ತಗೊಳ್ಳಿ” ಅಂದರು.

ಡಾಕ್ಟರೇ ಹೇಳಿದ ಇನ್ನೊಬ್ಬ ಟ್ರೈನರ್, ಒಬ್ಬ ಹೆಂಗಸು, ಆಮೇಲೆ ಬಂದರು. ಒಂದು ಸಲ ಬಂದರೆ 1,500. ಬಂದು ನಾಯಿಯನ್ನು ಮುಟ್ಟಲೇ ಇಲ್ಲ. ನಮ್ಮನ್ನೇ ಪ್ರಶ್ನೆ ಕೇಳುತ್ತಾ ಕೂತರು. ಎಷ್ಟು ಹೊತ್ತು ಮಲಗುತ್ತೆ? ಎಲ್ಲಿ ಮಲಗುತ್ತೆ? ಬೊಗಳಿದ ತಕ್ಷಣ ಮನೆಯಲ್ಲಿ ಯಾರು ಏನು ಮಾಡ್ತೀರಿ? ಹೋಗುವಾಗ ಒಂದು ಮನೆಪಾಠ ಕೊಟ್ಟರು: ವಾರ ಪೂರ್ತಿ ಬರೆದಿಡಿ, ಗಂಟೆ, ಕಾರಣ, ಎಷ್ಟು ಹೊತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಹಳೇ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಹೋಗಿ.

ಈ ರೆಕಾರ್ಡಿಂಗ್ ಅನ್ನು ಯಾರೂ ತಪ್ಪಿಸಬೇಡಿ. ನಾವು ಹೊರಗೆ ಹೋದಾಗಿಂದ ಬರೋವರೆಗೂ ಬೊಗಳುತ್ತೆ ಅಂತ ಸಂಘದವರ ದೂರು. ಕೇಳಿ ನೋಡಿದರೆ, ಬೀಗ ಹಾಕಿದ ಮೇಲೆ ಸ್ವಲ್ಪ ಹೊತ್ತು ಬೊಗಳಿ, ಆಮೇಲೆ ಫ್ಯಾನ್ ಸದ್ದು ಬಿಟ್ಟರೆ ಏನಿಲ್ಲ. ನಂತರ ಯಾರದೋ ಬೆಲ್ಲಿಗೆ ಒಂದಷ್ಟು, ಸ್ಕೂಲ್ ವ್ಯಾನಿಗೆ ಒಂದಷ್ಟು. ಒಂಟಿತನದ ಗಾಬರಿ ಇರುವ ನಾಯಿಯ ಕೂಗು ಬೇರೆ ಥರ ಇರುತ್ತದಂತೆ: ಊಳಿಡುವುದು, ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು. ಅದಕ್ಕೆ ಚಿಕಿತ್ಸೆಯೇ ಬೇರೆ, ಕೆಲವಕ್ಕೆ ಔಷಧಿಯೂ ಬೇಕಾಗುತ್ತದೆ. ನಮ್ಮದು ಅದಲ್ಲ ಅಂತ ಗೊತ್ತಾಗಿದ್ದೇ ಅರ್ಧ ನೆಮ್ಮದಿ. ಸಭೆಯಲ್ಲಿ ನಾನು ತೋರಿಸಿದ್ದು ಬೊಗಳಾಟ ಬರೆದಿಟ್ಟ ಚೀಟಿ, ಡಾಕ್ಟರ ಬಿಲ್ಲು, ಸೀಲಿದ್ದ ಪುಸ್ತಕ. ಸ್ವಲ್ಪ ಗಲಾಟೆ ಆಯಿತು. ಅಂಕಲ್ಲೇ ಎದ್ದು “ಹಾಲಿನ ಹೊತ್ತಿನದು ನಿಂತಿದೆ, ಇವರು ಪ್ರಯತ್ನ ಮಾಡ್ತಿದ್ದಾರೆ” ಅಂದ ಮೇಲೆ ದೀಪಾವಳಿವರೆಗೆ ಸಮಯ ಸಿಕ್ಕಿತು.

ಬರೆದಿಟ್ಟಿದ್ದರಿಂದ ನಾಲ್ಕು ಬಗೆಯ ಬೊಗಳಾಟ ಬೇರೆ ಬೇರೆಯಾಗಿ ಕಂಡಿತು: ಕಿಟಕಿಯದು, ಬೆಲ್ಲಿನದು, ಬೇಕು ಅಂತ ಕೇಳುವುದು, ಮನೆಯವರು ಬಂದಾಗಿನ ಕುಣಿತ. ಎಲ್ಲದಕ್ಕೂ ಒಂದೇ ಮದ್ದು ಹುಡುಕುತ್ತಾ ಕೂತರೆ ವರ್ಷ ಕಳೆದರೂ ಏನೂ ಆಗಲ್ಲ.

ಕಿಟಕಿಯದು ಸುಲಭ. ಗಾಜಿಗೆ ಅರ್ಧದವರೆಗೆ ಮಬ್ಬು ಸ್ಟಿಕರ್ ಅಂಟಿಸಿದೆವು, ಆರುನೂರು ರೂಪಾಯಿ. ನೋಡಿ ಬೊಗಳಿದರೆ ಆ ಮನುಷ್ಯ ಹೊರಟು ಹೋಗುತ್ತಾನೆ, ಹೇಗೂ ಹೋಗುವವನೇ. ಆದರೆ ನಾಯಿಯ ಲೆಕ್ಕದಲ್ಲಿ ತಾನೇ ಓಡಿಸಿದ್ದು. ದಿನಾ ಗೆಲ್ಲುವ ಆಟ ಯಾರು ಬಿಡ್ತಾರೆ? ಕಾಣದಂತೆ ಮಾಡಿದರೆ ಆಟವೇ ಇಲ್ಲ. ಬಾಲ್ಕನಿ ಬಾಗಿಲು ಬೆಳಿಗ್ಗೆ ಒಂಬತ್ತರವರೆಗೆ ಮುಚ್ಚಿಟ್ಟೆವು.

ಬೆಲ್ಲಿನದಕ್ಕೆ ತಾಳ್ಮೆ ಬೇಕು. ನಮ್ಮ ಬೆಲ್ಲಿನ ಸದ್ದನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳಿಯೂ ಕೇಳಿಸದಷ್ಟು ಸಣ್ಣಗೆ ಹಾಕಬೇಕು. ಸದ್ದು ಬಂದ ತಕ್ಷಣ ಚಪ್ಪಲಿ ಸ್ಟ್ಯಾಂಡ್ ಪಕ್ಕದ ಚಾಪೆಯ ಮೇಲೆ ಪನೀರ್ ಚೂರು. ಬೊಗಳಿದರೆ ಸದ್ದು ಜಾಸ್ತಿ ಇತ್ತು ಅಂತ ಅರ್ಥ, ಇನ್ನೂ ಇಳಿಸಿ. ಬೊಗಳದೆ ಚಾಪೆ ಕಡೆ ನೋಡಿದರೆ ಮಾರನೇ ದಿನ ಒಂದು ಚೂರು ಏರಿಸಿ. ಮೈಸೂರಿನವರಿಗೆ ಇದು ಹೊಸದೇನಲ್ಲ. ಜಂಬೂಸವಾರಿ ದಿನ 21 ಸುತ್ತು ಕುಶಾಲತೋಪು ಹಾರಿಸುವಾಗ ಆನೆ, ಕುದುರೆ ಬೆದರಬಾರದು ಅಂತ ದಸರಾಕ್ಕೆ ಮುಂಚೆ ತಾಲೀಮು ಮಾಡಿಸುತ್ತಾರಲ್ಲ, ಅದೇ ಲೆಕ್ಕ. ಆನೆಗೆ ಫಿರಂಗಿ, ನಮ್ಮ ಬೆಣ್ಣೆಗೆ ಡಿಂಗ್ ಡಾಂಗ್. ದಿನಕ್ಕೆ ಐದು ನಿಮಿಷ ಸಾಕು. ಜಾಸ್ತಿ ಮಾಡಿದರೆ ಅದಕ್ಕೂ ಬೇಜಾರು, ನಮಗೂ ಬೇಜಾರು.

ಇದನ್ನು ಮಾಡುತ್ತಾ ಮಾಡುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಬೊಗಳುವುದಕ್ಕೆ ಮುಂಚೆ ಒಂದು ಗಳಿಗೆ ಇದೆ. ಏದುತ್ತಿದ್ದ ಬಾಯಿ ಟಪ್ ಅಂತ ಮುಚ್ಚುತ್ತದೆ. ಕಿವಿ ಎರಡೂ ಮುಂದಕ್ಕೆ. ಸುರುಳಿ ಬಾಲ ಅಲ್ಲಾಡುವುದು ನಿಲ್ಲುತ್ತದೆ. ಗಂಟಲಲ್ಲೇ ಒಂದು ಸಣ್ಣ “ವುಫ್”. ಆ ಗಳಿಗೆಯಲ್ಲಿ “ಸರಿ, ನೋಡ್ದೆ ಬಾ” ಅಂತ ಮೆಲ್ಲಗೆ ಹೇಳಿ ಚಾಪೆಗೆ ಕರೆದರೆ ಬರುತ್ತದೆ. ಬೊಗಳಾಟ ಏರಿದ ಮೇಲೆ ಪನೀರ್ ಮೂಗಿಗೆ ಹಿಡಿದರೂ ಅದಕ್ಕೆ ಕಾಣಿಸಲ್ಲ. ಇನ್ನು ನಾವು “ಏಯ್, ಸುಮ್ನಿರೇ!” ಅಂತ ಕಿರುಚುವುದು ಇದೆಯಲ್ಲ, ಅದರಿಂದ ಏನೂ ಉಪಯೋಗ ಇಲ್ಲ. ಮನೆಯವರೂ ಜೊತೆಗೆ ಬೊಗಳುತ್ತಿದ್ದಾರೆ ಅಂತ ಅದಕ್ಕೆ ಹುರುಪು ಬರುತ್ತದೆ.

ತಿನಿಸಿನ ಬಗ್ಗೆ ಎರಡು ಮಾತು. ಕೋಳಿ ಬೇಯಿಸಿ ಕೊಟ್ಟರೆ ಬೇಗ ಕಲಿಯುತ್ತೆ ಅಂತಾರೆ. ನಮ್ಮನೆಯಲ್ಲಿ ಕೋಳಿ ಆಗಲ್ಲ. ಪನೀರ್, ಬೇಯಿಸಿದ ಕ್ಯಾರೆಟ್, ಸೌತೆಕಾಯಿಯಲ್ಲೇ ನಡೆಯಿತು. ಚೂರು ಅಂದರೆ ಕಡಲೆಕಾಳಿಗಿಂತ ಸಣ್ಣದು. ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ, ಇಲ್ಲದಿದ್ದರೆ ಸ್ಪಿಟ್ಸ್ ಬೇಗ ದಪ್ಪ ಆಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ. ಈರುಳ್ಳಿ ಹುಳಿ ಕಲಸಿದ ಅನ್ನವೂ ಬೇಡ.

ಕೇಳುವ ಬೊಗಳಾಟದಲ್ಲಿ ನಮಗೆ ಎದುರಾದದ್ದು ನಾಯಿ ಅಲ್ಲ, ಅತ್ತೆ. ಅತ್ತೆ ಕಾಫಿ ಕುಡಿಯುವಾಗ ಬೆಣ್ಣೆ ಎದುರು ಕೂತು ಒಂದೇ ಸಮ ಬೊಗಳುತ್ತಿತ್ತು, ಅವರು ಮಾರಿ ಬಿಸ್ಕತ್ತು ಮುರಿದು ಹಾಕುತ್ತಿದ್ದರು. “ಪಾಪ, ಬಾಯಿಲ್ಲದ ಪ್ರಾಣಿ ಕಣೇ” ಅಂತ ಬೇರೆ. ಬಾಯಿಲ್ಲದ ಪ್ರಾಣಿಯಿಂದಲೇ ನೋಟಿಸ್ ಬಂದಿದೆ ಅತ್ತೆ ಅಂದೆ. ಮಾತು ನಿಂತದ್ದು ಆವಾಗ. ಬೊಗಳಿದಾಗ ಏನೂ ಕೊಡಬಾರದು, ನೋಡಲೂಬಾರದು, ಸುಮ್ಮನಾದ ಮೇಲೆ ಕೊಡಬೇಕು. ಹೇಳೋಕೆ ಸುಲಭ. ಯಾಕೆಂದರೆ ಕೊಡುವುದು ನಿಲ್ಲಿಸಿದ ಮೊದಮೊದಲು ಬೊಗಳಾಟ ಕಡಿಮೆ ಆಗಲ್ಲ, ಜೋರಾಗುತ್ತದೆ. ಇಷ್ಟು ದಿನ ಸಿಗುತ್ತಿದ್ದದ್ದು ಈಗ ಯಾಕೆ ಸಿಗುತ್ತಿಲ್ಲ ಅಂತ ಇನ್ನೂ ಗಟ್ಟಿಯಾಗಿ ಕೇಳುತ್ತದೆ. ಎಷ್ಟೋ ಜನ ಇಲ್ಲೇ ಕೈಬಿಡುವುದು. ಅರ್ಧ ಗಂಟೆ ತಡೆದುಕೊಂಡು ಕೊನೆಗೆ ಕೊಟ್ಟರೆ, ಅರ್ಧ ಗಂಟೆ ಬೊಗಳಬೇಕು ಅಂತ ಕಲಿಸಿದ ಹಾಗೆ. ಅದಕ್ಕೇ ಈ ಹಂತ ಶುರು ಮಾಡುವ ಮುಂಚೆ ಮೇಲೆ ಕೆಳಗೆ ಎರಡೂ ಮನೆಗೆ ಹೋಗಿ, “ಸ್ವಲ್ಪ ದಿನ ಜಾಸ್ತಿ ಆಗುತ್ತೆ, ಆಮೇಲೆ ಇಳಿಯುತ್ತೆ” ಅಂತ ಹೇಳಿ ಬಂದಿದ್ದೆ. ಹೇಳದೆ ಮಾಡಿದ್ದರೆ ಎರಡನೇ ನೋಟಿಸ್ ಖಂಡಿತ ಬರುತ್ತಿತ್ತು. ಅತ್ತೆಗೆ ಕೊನೆಗೆ ಒಂದು ದಾರಿ ಮಾಡಿಕೊಟ್ಟೆವು: ಬಿಸ್ಕತ್ತಿನ ಬದಲು ಹಳೇ ಟವೆಲ್ಲಿನಲ್ಲಿ ಅದರ ಊಟದ ಕಾಳು ಸುತ್ತಿ, ಕಾಫಿಗೆ ಕೂರುವ ಮುಂಚೆಯೇ ಕೊಡುವುದು. ಬೆಣ್ಣೆ ಮೂಗಿನಿಂದ ಬಿಚ್ಚಿ ಬಿಚ್ಚಿ ಹುಡುಕುತ್ತದೆ, ಅವರ ಕಾಫಿ ಮುಗಿಯುತ್ತದೆ. ಈಗ ಟವೆಲ್ ಸುತ್ತುವುದರಲ್ಲಿ ಅತ್ತೆ ನಮಗಿಂತ ನಿಪುಣರು, ಗಂಟು ಬೇರೆ ಹಾಕುತ್ತಾರೆ.

ಮನೆಯವರು ಬಂದಾಗಿನ ಕುಣಿತಕ್ಕೂ ಇಂಥದ್ದೇ. ಮಗಳು ಒಳಗೆ ಬಂದವಳೇ ಒಂದು ಹಿಡಿ ಕಾಳು ನೆಲಕ್ಕೆ ಚೆಲ್ಲುತ್ತಾಳೆ. ತಲೆ ಕೆಳಗೆ ಹಾಕಿಕೊಂಡ ನಾಯಿ ಬೊಗಳಲ್ಲ. ಮುದ್ದು ಎಲ್ಲ ಆಮೇಲೆ.

ಯಜಮಾನರು ಸಂಜೆ ಚೆಂಡು ಎಸೆದು ಎಸೆದು ಸುಸ್ತು ಮಾಡಿಸುತ್ತಿದ್ದರು. ಅದನ್ನು ಆ ಎರಡನೇ ಟ್ರೈನರ್ ನಿಲ್ಲಿಸಿದರು. ಚೆಂಡಿನ ಹಿಂದೆ ಓಡಿದ ನಾಯಿಗೆ ಮೈ ಸುಸ್ತಾದರೂ ತಲೆ ಇನ್ನೂ ಓಡುತ್ತಲೇ ಇರುತ್ತದಂತೆ. ಈಗ ಬೆಳಿಗ್ಗೆ ಬಿಸಿಲೇರುವ ಮುಂಚೆ ಅರ್ಧ ಗಂಟೆ ಮೂಸುವ ನಡಿಗೆ. ಎಳೆಯುವುದಿಲ್ಲ, ಅವಸರ ಇಲ್ಲ, ಒಂದು ಲೈಟ್ ಕಂಬಕ್ಕೆ ಐದು ನಿಮಿಷ ಬೇಕೆಂದರೆ ಐದು ನಿಮಿಷ. ಮಧ್ಯಾಹ್ನ ಒಳಗಿನ ರೂಮಿನಲ್ಲಿ ಪರದೆ ಎಳೆದು ಮಲಗಿಸುತ್ತೇವೆ. ಬೆಳೆದ ನಾಯಿಗೂ ದಿನಕ್ಕೆ ಸುಮಾರು ಹನ್ನೆರಡು ಗಂಟೆ ನಿದ್ದೆ ಬೇಕು. ಕಿಟಕಿ ಪಕ್ಕ ಕಾವಲು ಕೂತು ಬೆಣ್ಣೆಗೆ ಅಷ್ಟು ನಿದ್ದೆಯೇ ಆಗುತ್ತಿರಲಿಲ್ಲ. ನನ್ನನ್ನು ಕೇಳಿದರೆ ಪನೀರಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ನಿದ್ದೆ.

ದಸರಾ ರಜೆಗೆ ಮಂಡ್ಯದಿಂದ ನಾದಿನಿ ಮಕ್ಕಳ ಜೊತೆ ಬಂದಾಗ ಕಲಿತದ್ದೆಲ್ಲ ಅರ್ಧ ಹಿಂದೆ ಹೋಯಿತು. ಮಕ್ಕಳು ಓಡುವುದು, ಇದು ಬೊಗಳುವುದು. ಅವರು ಹೋದ ಮೇಲೆ ಬೆಲ್ಲಿನ ಪಾಠ ಮತ್ತೆ ಸಣ್ಣ ಸದ್ದಿನಿಂದ ಶುರು. ಎರಡನೇ ಸಲ ಬೇಗ ಹಿಡಿಯಿತು.

ದೀಪಾವಳಿ ಬೇರೆ ಕಥೆ. ಪಟಾಕಿಗೆ ರಾತ್ರಿ 8ರಿಂದ 10 ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಪಟಾಕಿಗೆ ಬೊಗಳುವುದು ಭಯದಿಂದ, ಅದಕ್ಕೆ ಶಿಸ್ತು ಪಾಠ ಹೇಳಲು ಹೋಗಬೇಡಿ. ಸಂಜೆ ಬೆಳಕಿರುವಾಗಲೇ ಹೊರಗೆ ಕರೆದುಕೊಂಡು ಹೋಗಿ ಬಂದು, ಒಳಗಿನ ರೂಮಿನಲ್ಲಿ ಫ್ಯಾನ್, ಟೀವಿ ಹಾಕಿ ಪಕ್ಕದಲ್ಲಿ ಕೂತಿದ್ದೆವು. ಹೆದರಿದ ನಾಯಿಯನ್ನು ಸವರಿದರೆ ಭಯ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳು, ಧಾರಾಳವಾಗಿ ಸವರಿ. ತುಂಬ ನಡುಗುವ ನಾಯಿಯಾದರೆ ಹಬ್ಬಕ್ಕೆ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಔಷಧಿ ಇದೆ, ಹಬ್ಬದ ದಿನ ಫೋನ್ ಮಾಡಿದರೆ ಯಾರೂ ಎತ್ತಲ್ಲ. ನಿಮ್ಮ ಮಾತ್ರೆ ನೀವೇ ಅರ್ಧ ಮಾಡಿ ಕೊಡುವ ಕೆಲಸ ಮಾತ್ರ ಬೇಡ.

ಈಗ ಬೆಲ್ ಆದರೆ ಎರಡು ಮೂರು ಸಲ ಬೊಗಳಿ ಚಾಪೆಗೆ ಹೋಗುತ್ತದೆ. ಅಷ್ಟು ಇರಲಿ ಬಿಡಿ, ನಾಯಿ ಸಾಕಿದ ಮೇಲೆ. ಖರ್ಚು ಹಲ್ಲಿನದೂ ಹೋದ ಮುಂಗಡವೂ ಸೇರಿ ಹದಿನೈದು ಸಾವಿರದ ಹತ್ತಿರ. ಸಂಘದವರು ಬಾಯಲ್ಲಿ “ಆಯ್ತು ಬಿಡಿ ಮೇಡಂ” ಅಂದರು. ನಾನು ಬಿಡಲಿಲ್ಲ. ನೋಟಿಸ್ ಕೈಬಿಟ್ಟಿದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಕಾರ್ಯದರ್ಶಿಯ ಸಹಿ ಇರುವ ನಕಲು ತೆಗೆದುಕೊಂಡು ಲಸಿಕೆ ಪುಸ್ತಕದೊಳಗೆ ಇಟ್ಟಿದ್ದೇನೆ. ಮುಂದಿನ ವರ್ಷ ಕಾರ್ಯದರ್ಶಿ ಬೇರೆಯವರಾಗುತ್ತಾರೆ, ನೀವೂ ಹಾಗೇ ಮಾಡಿ. ಬೆಕ್ಕಿನ ವಿಷಯದಲ್ಲಿ ಮಾತ್ರ ಇನ್ನೂ ಯಾವ ಪನೀರೂ ನಡೆದಿಲ್ಲ.